ಶೂಟಿಂಗ್ ಗಾರ್ಡ್‌ಗೆ ಮೊದಲ ವಿದೇಶಿ ಲೀಗ್: ಜರ್ಮನಿಯೋ, ಆಸ್ಟ್ರೇಲಿಯಾವೋ, ಫಿಲಿಪೀನ್ಸೋ?

ಅಮೆರಿಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಮುಗಿಸಿ, ಎನ್‌ಬಿಎ ಡ್ರಾಫ್ಟ್‌ನಲ್ಲಿ (ಅಲ್ಲಿನ ದೊಡ್ಡ ಲೀಗ್ ಹೊಸಬರನ್ನು ಆರಿಸುವ ಪ್ರಕ್ರಿಯೆ) ಹೆಸರು ಬರದ ಶೂಟಿಂಗ್ ಗಾರ್ಡ್‌ಗಳಲ್ಲಿ, ಅಂದರೆ ದೂರದಿಂದ ಹೊಡೆದು ಅಂಕ ಗಳಿಸುವ ಆಟಗಾರರಲ್ಲಿ, ಅನೇಕರಿಗೆ ಹೊರದೇಶದಲ್ಲಿ ಸಿಗುವುದು ಒಂದೆರಡು ಸೀಸನ್ ಮಾತ್ರ. ಮೂರೂ ಕಡೆಯ ಆಟ ಕಂಡುಂಡ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ಸಂಬಳ ಕೇಳುವ ಮೊದಲು, ತಂಡದಲ್ಲಿ ವಿದೇಶಿಯರಿಗೆ ಎಷ್ಟು ಜಾಗವಿದೆ, ಅವರಿಂದ ಯಾವ ಕೆಲಸ ತೆಗೆಯುತ್ತಾರೆ ಎಂದು ಕೇಳಿ.

ಫಿಲಿಪೀನ್ಸ್‌ನ ಲೀಗ್ ಪಿಬಿಎಯಲ್ಲಿ ತಂಡಕ್ಕೆ ಒಬ್ಬನೇ ವಿದೇಶಿ. ಅದರ ಟೂರ್ನಿಗಳಲ್ಲಿ ಒಂದಾದ ಫಿಲಿಪೀನ್ ಕಪ್‌ನಲ್ಲಂತೂ ಅವನೂ ಇಲ್ಲ. ಇನ್ನೊಂದು ಟೂರ್ನಿ ಗವರ್ನರ್ಸ್ ಕಪ್‌ನಲ್ಲಿ ವಿದೇಶಿಯ ಎತ್ತರಕ್ಕೆ ಸುಮಾರು ಆರೂವರೆ ಅಡಿಯ ಮಿತಿ ಇರುವುದರಿಂದ ಗಾರ್ಡ್‌ಗಳಿಗೂ ಬಾಗಿಲು ತೆರೆಯುತ್ತದೆ. ಆದರೆ ಎದುರು ತಂಡದ ವಿದೇಶಿ ಸಾಮಾನ್ಯವಾಗಿ ಫಾರ್ವರ್ಡ್, ಅಂದರೆ ಗಾರ್ಡ್‌ಗಿಂತ ದೊಡ್ಡ ಮೈಕಟ್ಟಿನವನು. ಅವನನ್ನು ತಡೆಯುವುದು, ರೀಬೌಂಡ್ ಹಿಡಿಯುವುದು, ಅಂಕ ಗಳಿಸುವುದು ಎಲ್ಲವೂ ನಿಮ್ಮ ತಲೆಯ ಮೇಲೇ. ಪಂದ್ಯ 48 ನಿಮಿಷದ್ದು, ಕೂತು ಸುಧಾರಿಸಿಕೊಳ್ಳುವ ಹೊತ್ತು ಕಡಿಮೆ. ಎರಡು ಮೂರು ಪಂದ್ಯ ಸೋತರೆ ಬದಲಿ ಆಟಗಾರ ವಿಮಾನ ಹತ್ತಿರುತ್ತಾನೆ. 2024ರಿಂದ 27 ಅಡಿ ದೂರದಲ್ಲಿ ನಾಲ್ಕು ಅಂಕದ ಗೆರೆಯೂ ಇದೆ. ದೂರದಿಂದ ಹೊಡೆಯುವವರಿಗೆ ಇದೊಂದು ನಿಜವಾದ ಅನುಕೂಲ.

ಆಸ್ಟ್ರೇಲಿಯಾದ ಲೀಗ್ ಎನ್‌ಬಿಎಲ್‌ನಲ್ಲಿ ತಂಡಕ್ಕೆ ಮೂವರು ವಿದೇಶಿಯರು. ಗಾರ್ಡ್‌ಗಳ ಕೈಗೆ ಚೆಂಡು ಧಾರಾಳವಾಗಿ ಬರುತ್ತದೆ, ಇಂಗ್ಲಿಷ್ ಸಾಕು. ಪ್ರಾವಿಡೆನ್ಸ್ ಕಾಲೇಜಿನ ಬ್ರೈಸ್ ಕಾಟನ್ 2017ರಲ್ಲಿ ಸೀಸನ್ ನಡುವೆ ಪರ್ತ್ ವೈಲ್ಡ್‌ಕ್ಯಾಟ್ಸ್ ಸೇರಿ, ಫೈನಲ್ ಸರಣಿಯ ಕೊನೆಯ ಪಂದ್ಯದಲ್ಲಿ 45 ಅಂಕ ಹೊಡೆದರು. ಆದರೆ ಅವರು ಅಷ್ಟರಲ್ಲಾಗಲೇ ಎನ್‌ಬಿಎಯಲ್ಲೂ ಯುರೋಪಿನಲ್ಲೂ ಆಡಿ ಬಂದಿದ್ದವರು. ಆ ಮೂರು ಜಾಗಕ್ಕೆ ಅಂಥವರೇ ಸಾಲು ನಿಂತಿರುತ್ತಾರೆ, ಕಾಲೇಜಿನಿಂದ ನೇರ ಬಂದವನಿಗೆ ಎಡೆ ಸಿಗುವುದು ಕಷ್ಟ.

ಅದಕ್ಕೇ ನಮ್ಮ ಆಯ್ಕೆ ಜರ್ಮನಿಯ ಎರಡನೇ ದರ್ಜೆಯ ಲೀಗ್, ಪ್ರೋಎ. ಕೋರ್ಟಿನಲ್ಲಿ ಯಾವಾಗಲೂ ಕನಿಷ್ಠ ಇಬ್ಬರು ಜರ್ಮನ್ನರು ಇರಬೇಕೆಂಬ ನಿಯಮ ಅಲ್ಲಿದೆ. ಹಾಗಾಗಿ ಹೊಡೆತದ ಹೊರೆ ವಿದೇಶಿ ಗಾರ್ಡ್‌ಗಳ ಮೇಲೆ ಬೀಳುತ್ತದೆ, ಆದರೆ ಒಬ್ಬನ ಮೇಲೇ ಅಲ್ಲ. ಸಾಮಾನ್ಯವಾಗಿ ವಾರಕ್ಕೊಂದು ಪಂದ್ಯ. ತಪ್ಪು ತಿದ್ದಿಕೊಳ್ಳಲು ಹೊತ್ತು ಸಿಗುತ್ತದೆ. ಸಂಬಳ ಕಡಿಮೆ, ಊರು ಚಿಕ್ಕದು, ಚಳಿ ಉದ್ದ. ಮನೆ, ಕಾರು ಕ್ಲಬ್ಬೇ ಕೊಡುವುದು ವಾಡಿಕೆ.

ಎಲ್ಲಿಗೆ ಹೋದರೂ ಮೊದಲ ತಿಂಗಳು ಏಟು ಕೊಡುವುದು ನಿಯಮಗಳು. ಕಾಲೇಜಿನಲ್ಲಿ ಚೆಂಡು ಸಿಕ್ಕ ಮೇಲೆ ರಿಂಗಿಗೆ ಹೊಡೆಯಲು 30 ಸೆಕೆಂಡ್, ವಿಶ್ವ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫೀಬಾದ ನಿಯಮದಲ್ಲಿ 24. ಅರ್ಧ ಕೋರ್ಟ್ ದಾಟಲು 10ರ ಬದಲು 8. ಎರಡು ಸ್ಕ್ರೀನ್ (ಎದುರಾಳಿಯನ್ನು ತಡೆಯಲು ಜೊತೆಗಾರ ಅಡ್ಡ ನಿಲ್ಲುವುದು) ಸುತ್ತಿ ಬಂದು ಚೆಂಡು ಹಿಡಿಯುವ ಕಾಲೇಜಿನ ಚಾಲುಗಳು ಅಲ್ಲಿ ಅರ್ಧಕ್ಕೇ ನಿಲ್ಲುತ್ತವೆ. ಮೊದಲ ಸ್ಕ್ರೀನಿನಲ್ಲೇ ಹೊಡೆಯಲು ಕಾಲು ಸಿದ್ಧವಿರಬೇಕು. ತ್ರೀ ಪಾಯಿಂಟ್ ಗೆರೆ 2019–20ರಿಂದ ಎರಡೂ ಕಡೆ 6.75 ಮೀಟರ್. ತೊಂದರೆ ಮೂಲೆಯಲ್ಲಿದೆ: ಫೀಬಾ ಕೋರ್ಟಿನಲ್ಲಿ ಆ ಗೆರೆಗೂ ಪಕ್ಕದ ಗೆರೆಗೂ ನಡುವೆ 90 ಸೆಂ.ಮೀ. ಮಾತ್ರ. ಹಿಂದೆ ಸರಿಯುತ್ತಾ ಚೆಂಡು ಹಿಡಿದರೆ ಹಿಮ್ಮಡಿ ಹೊರಗೆ. ಮೊದಲೇ ಹೋಗಿ ನಿಂತು ಹಿಡಿಯಿರಿ.

ಟ್ರಾವೆಲಿಂಗ್, ಅಂದರೆ ಚೆಂಡು ಹಿಡಿದು ನಿಯಮ ಮೀರಿ ಹೆಜ್ಜೆ ಇಡುವ ತಪ್ಪು, ಇನ್ನೂ ದೊಡ್ಡ ಕಾಟ. ನಿಂತಲ್ಲಿಂದ ಡ್ರಿಬಲ್ ಶುರು ಮಾಡುವಾಗ ಪಿವಟ್ ಕಾಲು (ನೆಲಕ್ಕೆ ಊರಿ ನಿಂತ ಕಾಲು) ಏಳುವ ಮುನ್ನ ಚೆಂಡು ಕೈ ಬಿಟ್ಟಿರಬೇಕು. ನಿಯಮ ಕಾಲೇಜಿನಲ್ಲೂ ಅದೇ, ಯುರೋಪಿನ ರೆಫರಿಗಳು ಮಾತ್ರ ಬಿಡದೆ ಸೀಟಿ ಊದುತ್ತಾರೆ. ಮೊದಲು ಚೆಂಡು ನೆಲಕ್ಕೆ, ಆಮೇಲೆ ಹೆಜ್ಜೆ. ಇದನ್ನೇ ದಿನಕ್ಕೆ ನೂರು ಸಲ, ಎರಡೂ ಕಾಲಿನಲ್ಲಿ. ಚೆಂಡೂ ಬೇರೆ: ಅಳತೆ 7 ಹೌದು, ಆದರೆ ಮೊಲ್ಟನ್‌ನ ಬಿಜಿ5000ಕ್ಕೆ 12 ಪಟ್ಟಿಗಳು, ಕಾಲೇಜಿನ ವಿಲ್ಸನ್‌ಗೆ 8. ಹೊಲಿಗೆಗೆ ಬೆರಳಿಟ್ಟು ಹೊಡೆಯುವವರ ಹೊಡೆತ ಅಡ್ಡಕ್ಕೆ ವಾಲುತ್ತದೆ. ಹೊರಡಲು ಆರು ವಾರ ಇರುವಾಗಲೇ ಹೊಸ ಚೆಂಡು ಕೊಂಡು, ಮೊದಲ ಎರಡು ವಾರ ರಿಂಗಿನ ಹತ್ತಿರದಿಂದ ಮಾತ್ರ ಹೊಡೆಯಿರಿ.

ಸಹಿ ಹಾಕುವಾಗ ಮೂರು ಸಾಲು ಹುಡುಕಿ. ಸಂಬಳ ತೆರಿಗೆ ಕಳೆದ ಮೇಲಿನದೇ? ವೈದ್ಯಕೀಯ ಪರೀಕ್ಷೆ ಪಾಸಾದ ಮೇಲೆ ಪೂರ್ತಿ ಹಣಕ್ಕೆ ಖಾತರಿ ಇದೆಯೇ? ಜಗಳವಾದರೆ ಫೀಬಾದ ನೆರಳಿನಲ್ಲಿ 2007ರಲ್ಲಿ ಹುಟ್ಟಿದ ಬಿಎಟಿ (ಬ್ಯಾಸ್ಕೆಟ್‌ಬಾಲ್ ಆರ್ಬಿಟ್ರಲ್ ಟ್ರಿಬ್ಯೂನಲ್) ಎಂಬ ಪಂಚಾಯ್ತಿಗೆ ಹೋಗಲು ಒಪ್ಪಂದದಲ್ಲೇ ಅವಕಾಶವಿದೆಯೇ? ಈ ಕೊನೆಯ ಸಾಲು ಇಲ್ಲದಿದ್ದರೆ ಬಾಕಿ ಹಣಕ್ಕೆ ಆ ದೇಶದ ಕೋರ್ಟಿಗೇ ಅಲೆಯಬೇಕಾದೀತು.