ಹಳೇ ಕಾರಿಗೆ ಹೊಸ ಗೇಜ್ ಹಾಕುವ ಮುನ್ನ: ಡ್ಯಾಶ್‌ಬೋರ್ಡ್ ಹಿಂದೆ ಸುಟ್ಟದ್ದೇನು, ಯಾಕೆ

ಕಾರು 1960ರ ದಶಕದ ಒಂದು ಬ್ರಿಟಿಷ್ ಸಲೂನ್, ಅಂದರೆ ಸೆಡಾನ್. ಡ್ಯಾಶ್‌ಬೋರ್ಡಿನ ಕೆಳಗೆ ಕಬ್ಬಿಣದ ಬ್ರಾಕೆಟ್ಟಿನಲ್ಲಿ ಮೂರು ಗೇಜುಗಳ ಕಿಟ್ ಕೂರಿಸಲಾಗಿತ್ತು: ಆಯಿಲ್ ಪ್ರೆಷರ್, ನೀರಿನ ಬಿಸಿ, ಆಮ್ಮೀಟರ್. ಹಾಕಿ ಕೆಲವೇ ವಾರಗಳಾಗಿದ್ದವು. ಹೊಂಡಗಳ ರಸ್ತೆಯಲ್ಲಿ ಓಡಿ ಓಡಿ ಆಮ್ಮೀಟರಿನ ಹಿಂದಿನ ಒಂದು ನಟ್ಟು ಸಡಿಲವಾಯಿತು. ಅದರಡಿಯ ರಿಂಗ್ ಟರ್ಮಿನಲ್ ತಿರುಗಿಕೊಂಡು ಬ್ರಾಕೆಟ್ಟಿಗೆ ತಾಗಿತು. ಕಾಲ ಬಳಿ ಹೊಗೆ ಎದ್ದಿತು. ಕೀ ಆಫ್ ಮಾಡಿದರೂ ಹೊಗೆ ನಿಲ್ಲಲಿಲ್ಲ. ಬಾನೆಟ್ ಎತ್ತಿ, ಸ್ಪ್ಯಾನರ್ ಹುಡುಕಿ, ಬ್ಯಾಟರಿ ಟರ್ಮಿನಲ್ ಬಿಚ್ಚುವಷ್ಟರಲ್ಲಿ ಡ್ಯಾಶ್‌ಬೋರ್ಡ್ ಹಿಂದಿನ ವೈರುಗಳೆಲ್ಲ ಕರಗಿ ಒಂದೇ ಮುದ್ದೆಯಾಗಿದ್ದವು. ಫ್ಯೂಸ್ ಬಾಕ್ಸ್ ತೆಗೆದು ನೋಡಿದರೆ ಅದರ ಎರಡೂ ಫ್ಯೂಸ್ ನೆಟ್ಟಗಿದ್ದವು.

ಫ್ಯೂಸ್ ಯಾಕೆ ಹೋಗಲಿಲ್ಲ ಎಂಬುದರಲ್ಲೇ ಇಡೀ ಅಪಾಯ ಇದೆ. ಆಮ್ಮೀಟರ್ ಕರೆಂಟನ್ನು ಅಳೆಯಬೇಕಾದರೆ ಆ ಕರೆಂಟು ಅದರೊಳಗಿಂದಲೇ ಹರಿಯಬೇಕು. ಹಾಗಾಗಿ ಬ್ಯಾಟರಿಯಿಂದ ಬರುವ ಮುಖ್ಯ ವೈರನ್ನು ಕತ್ತರಿಸಿ, ಎರಡೂ ತುದಿಗಳನ್ನು ಕಾರಿನೊಳಕ್ಕೆ ಎಳೆದು ತರಬೇಕಾಗುತ್ತದೆ. ಲೂಕಾಸ್ ಎಂಬ ಬ್ರಿಟಿಷ್ ಕಂಪನಿಯ ವೈರಿಂಗ್ ಇರುವ ಕಾರುಗಳಲ್ಲಿ ಇದು ಕಂದು ಬಣ್ಣದ ವೈರು. ಅದು ಫ್ಯೂಸಿಗೂ ಕೀಗೂ ಮುಂಚಿನದು. 12 ವೋಲ್ಟಿನ ಕಾರ್ ಬ್ಯಾಟರಿ ನೇರ ಶಾರ್ಟ್ ಆದರೆ ನೂರಾರು ಆಂಪ್ ಹರಿಸುತ್ತದೆ, ಅದನ್ನು ತಡೆಯಲು ನಡುವೆ ಏನೂ ಇರುವುದಿಲ್ಲ. ಹಳೆಯ ಕಾಲದಲ್ಲಿ ಕಾರ್ಖಾನೆಯಿಂದಲೇ ಆಮ್ಮೀಟರ್ ಬರುತ್ತಿತ್ತಲ್ಲ ಎನ್ನುವವರಿದ್ದಾರೆ. ನಿಜ. ಆದರೆ ಆ ವೈರಿನ ದಪ್ಪ, ದಾರಿ, ಕ್ಲಿಪ್ಪು ಎಲ್ಲವೂ ಅದಕ್ಕೆಂದೇ ಲೆಕ್ಕ ಹಾಕಿ ಮಾಡಿದವು. ಅಂದಿನ ಡೈನಮೋ ಕೊಡುತ್ತಿದ್ದುದೂ 22 ಆಂಪಿನ ಆಸುಪಾಸು. ಈಗ ಅದೇ ಕಾರಿಗೆ ಡೈನಮೋ ಬದಲು 45 ಆಂಪಿನ ಆಲ್ಟರ್ನೇಟರ್ ಹಾಕಿ, 30-0-30 ಡಯಲ್ಲಿನ (ನಡುವೆ ಸೊನ್ನೆ, ಎರಡೂ ಕಡೆ 30 ಆಂಪಿನವರೆಗೆ) ಆಮ್ಮೀಟರ್ ಜೋಡಿಸುತ್ತಾರೆ. ಬ್ಯಾಟರಿ ಇಳಿದಿದ್ದ ದಿನ ಮುಳ್ಳು ತುದಿಗೆ ಬಡಿಯುತ್ತದೆ, ಹಿಂದಿನ ಬೋಲ್ಟು ಕಾಯುತ್ತದೆ.

ನಮ್ಮ ಸಲಹೆ ನೇರವಾದದ್ದು: ಆಮ್ಮೀಟರ್ ಬೇಡ, ವೋಲ್ಟ್ ಮೀಟರ್ ಹಾಕಿ. ಅದಕ್ಕೆ ಬೇಕಾದ ಕರೆಂಟು ಅತ್ಯಲ್ಪ. 0.5 ಚದರ ಮಿ.ಮೀ. ವೈರು, 2 ಆಂಪಿನ ಇನ್‌ಲೈನ್ ಫ್ಯೂಸು ಸಾಕು. ಇಂಜಿನ್ ನಿಂತಿದ್ದಾಗ 12.6ರ ಹತ್ತಿರ, ಚಾರ್ಜ್ ಆಗುವಾಗ 13.8ರಿಂದ 14.4 ತೋರಿಸಿದರೆ ಎಲ್ಲ ಸರಿ ಇದೆ ಎಂದರ್ಥ. ಇನ್‌ಲೈನ್ ಫ್ಯೂಸನ್ನು ಮಾತ್ರ ಬಿಡಲೇಬೇಡಿ. ಕೀ ಆನ್ ಮಾಡಿದಾಗ ಫ್ಯೂಸಿನ ಮೂಲಕ ಕರೆಂಟು ಬರುವ ಹಸಿರು ವೈರಿನಿಂದ ತೆಗೆದುಕೊಂಡರೆ ಅದಕ್ಕೆ ಫ್ಯೂಸ್ ಇದ್ದೇ ಇದೆಯಲ್ಲ ಅನ್ನಿಸಬಹುದು. ಆದರೆ ಹಳೆಯ ಲೂಕಾಸ್ ಗಾಜಿನ ಫ್ಯೂಸಿನ ಮೇಲೆ ಬರೆದ 35 ಎಂಬುದು ಅದು ಸುಟ್ಟುಹೋಗುವ ಆಂಪು. ಸತತವಾಗಿ ಅದು 17 ಆಂಪನ್ನು ಆರಾಮಾಗಿ ಹೊರುತ್ತದೆ. ಅಷ್ಟರಲ್ಲಿ ಗೇಜಿನ ತೆಳು ವೈರು ಬೆಂದಿರುತ್ತದೆ.

ಆಮ್ಮೀಟರೇ ಬೇಕು ಎನ್ನುವವರು ಇಷ್ಟನ್ನಾದರೂ ಮಾಡಿ. ಡಯಲ್ಲು ಆಲ್ಟರ್ನೇಟರಿನ ಗರಿಷ್ಠ ಆಂಪಿಗಿಂತ ದೊಡ್ಡದಿರಲಿ. ವೈರು 6 ಚದರ ಮಿ.ಮೀ.ಗಿಂತ ಕಡಿಮೆ ಬೇಡ. ಹೋಗಿ ಬರುವ ದಾರಿ ಸೇರಿ 4 ಮೀಟರ್ ಆದರೆ, 30 ಆಂಪಿಗೆ 2.5ರ ವೈರಿನಲ್ಲಿ ಸುಮಾರು 0.8 ವೋಲ್ಟ್ ಸೋರಿಹೋಗುತ್ತದೆ, 6ರ ವೈರಿನಲ್ಲಿ 0.35ರಷ್ಟು. ಬ್ಯಾಟರಿಯ ತುದಿಯಲ್ಲೇ ಫ್ಯೂಸಿಬಲ್ ಲಿಂಕ್ (ಕರೆಂಟು ಮಿತಿ ಮೀರಿದರೆ ಫ್ಯೂಸಿನಂತೆ ಕರಗಿ ಕಡಿಯುವ ವೈರಿನ ತುಂಡು) ಹಾಕಿ. ಎರಡೂ ಬೋಲ್ಟಿಗೆ ಸ್ಪ್ರಿಂಗ್ ವಾಷರ್, ಮೇಲೆ ರಬ್ಬರ್ ಟೊಪ್ಪಿ. ಕಬ್ಬಿಣದ ಬ್ರಾಕೆಟ್ ಬಿಟ್ಟು ಪ್ಲಾಸ್ಟಿಕ್ಕಿನದು ಹುಡುಕಿ.

ಅದೇ ಕಾರಿನ ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಆಯಿಲ್ ಪ್ರೆಷರ್ ಗೇಜಿನ ನೈಲಾನ್ ಪೈಪು, ಇಂಜಿನ್ನಿನ ಬಿಸಿ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪಕ್ಕ ಹಾದು ಕಂದುಗಟ್ಟಿ ಮೆತ್ತಗಾಗಿತ್ತು. ವೈರು ಸುಡದೇ ಇದ್ದಿದ್ದರೆ ಮುಂದಿನ ಸರದಿ ಇದರದ್ದು. ಮೆಕ್ಯಾನಿಕಲ್ ಗೇಜ್ ಎಂದರೆ ಇಂಜಿನ್ನಿನ ಬಿಸಿ ಆಯಿಲನ್ನೇ ಕಾರಿನೊಳಕ್ಕೆ ತಂದಂತೆ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆದಾಗ ಒತ್ತಡ 60 ಪಿಎಸ್‌ಐ ದಾಟುವುದು ಸಾಮಾನ್ಯ. ಮೆತ್ತಗಾದ ಪೈಪು ಅದನ್ನು ಹಿಡಿದಿಡುವ ಬಳೆಯಿಂದ (ಫೆರೂಲ್) ಜಾರಿತೆಂದರೆ ಆಯಿಲ್ ಒಂದೋ ಕಾಲ ಮೇಲೆ ಚಿಮ್ಮುತ್ತದೆ, ಇಲ್ಲವೇ ಕಾದ ಮ್ಯಾನಿಫೋಲ್ಡಿನ ಮೇಲೆ. ಎರಡನೆಯದು ಬೆಂಕಿ. ತಾಮ್ರದ ಪೈಪು ಬಿಸಿಗೆ ಹೆದರುವುದಿಲ್ಲ, ಆದರೆ ನಡುಗಿ ನಡುಗಿ ಗಡುಸಾಗಿ ಬಿರುಕು ಬಿಡುತ್ತದೆ. ಅದಕ್ಕೇ ಇಂಜಿನ್ನಿಗೂ ಫೈರ್‌ವಾಲಿಗೂ (ಇಂಜಿನ್ ಮತ್ತು ಕಾರಿನೊಳಗಿನ ನಡುವಿನ ಗೋಡೆ) ನಡುವೆ ಅದನ್ನು ಎರಡು ಮೂರು ಸುತ್ತು ಸುರುಳಿ ಸುತ್ತುತ್ತಾರೆ. ಎಲ್ಲಕ್ಕಿಂತ ನೆಮ್ಮದಿ ಎಲೆಕ್ಟ್ರಿಕ್ ಸೆಂಡರ್, ಅಂದರೆ ಇಂಜಿನ್ನಿಗೆ ಕೂರಿಸಿ ಅಳತೆಯನ್ನು ವೈರಿನ ಮೂಲಕ ಗೇಜಿಗೆ ಕಳಿಸುವ ಸೆನ್ಸರ್. ಅದರಲ್ಲಿ ಒಳಗೆ ಬರುವುದು ಒಂದು ವೈರು ಮಾತ್ರ.

ಸೆಂಡರಿನಲ್ಲೂ ಮೋಸ ಹೋಗುವ ಜಾಗಗಳಿವೆ. ಮೊದಲನೆಯದು ಥ್ರೆಡ್. ಎನ್‌ಪಿಟಿ ಅಮೆರಿಕದ ಪೈಪ್ ಥ್ರೆಡ್, ಬಿಎಸ್‌ಪಿ ಬ್ರಿಟಿಷರದು. 1/8 ಎನ್‌ಪಿಟಿಗೆ ಇಂಚಿಗೆ 27 ಥ್ರೆಡ್, ಕೋನ 60 ಡಿಗ್ರಿ. 1/8 ಬಿಎಸ್‌ಪಿಗೆ 28 ಥ್ರೆಡ್, 55 ಡಿಗ್ರಿ. ಇವೆರಡಲ್ಲದೆ ಮೆಟ್ರಿಕ್ ಎಂ10x1 ಕೂಡ ಇದೆ. ವರ್ನಿಯರ್ ಹಿಡಿದರೆ ಮೂರೂ 10 ಮಿ.ಮೀ. ಆಸುಪಾಸೇ ತೋರಿಸುತ್ತವೆ, ಮೊದಲ ಎರಡು ಸುತ್ತು ಬೆರಳಲ್ಲೇ ಕೂರುತ್ತವೆ. ಮೂರನೆಯ ಸುತ್ತಿಗೆ ಸ್ಪ್ಯಾನರ್ ಹಾಕಿದವರು ಬ್ಲಾಕಿನ ಥ್ರೆಡ್ಡನ್ನೇ ಕಳೆದುಕೊಂಡರು. ಥ್ರೆಡ್ ಗೇಜ್ ಇಟ್ಟು ನೋಡದೆ ತಿರುಗಿಸಬೇಡಿ. ಟೆಫ್ಲಾನ್ ಟೇಪನ್ನು ದಪ್ಪಗೆ ಸುತ್ತುವುದೂ ತಪ್ಪು. ಒಂದೇ ವೈರಿನ ಸೆಂಡರಿಗೆ ಅರ್ತ್ (ಕರೆಂಟು ಬ್ಯಾಟರಿಗೆ ಮರಳುವ ಲೋಹದ ದಾರಿ) ಸಿಗುವುದು ಆ ಥ್ರೆಡ್ಡಿನಿಂದಲೇ. ಟೇಪಿನ ಚೂರು ಆಯಿಲ್ ದಾರಿಗೆ ಸೇರಿದರಂತೂ ಇನ್ನೂ ಕೆಟ್ಟದ್ದು. ಹಳೆಯ ವಾರ್ನಿಂಗ್ ಲೈಟಿನ ಸ್ವಿಚ್ ಉಳಿಸಿಕೊಳ್ಳಲು ಹಿತ್ತಾಳೆಯ ಟೀ (T ಆಕಾರದ ಜೋಡಣೆ) ಹಾಕುವುದು ಒಳ್ಳೆಯ ಯೋಚನೆಯೇ. ಆದರೆ ಅದರ ತುದಿಗೆ ಭಾರದ ಸೆಂಡರ್ ತೂಗುಹಾಕಿದರೆ ಇಂಜಿನ್ ನಡುಕಕ್ಕೆ ಟೀ ಬುಡದಲ್ಲೇ ಮುರಿಯುತ್ತದೆ. ಸ್ಟೀಲ್ ಹೆಣಿಗೆಯ ಹೋಸ್ ಹಾಕಿ ಸೆಂಡರನ್ನು ಕಾರಿನ ಬಾಡಿಯ ಮೇಲೆ ಕಟ್ಟಿ, ಅದಕ್ಕೆ ಬೇರೆ ಅರ್ತ್ ವೈರು ಕೊಡಿ.

ಎರಡನೆಯದು ಓಮ್ ಲೆಕ್ಕ. ಅಮೆರಿಕನ್ ಮಾದರಿಯ ಪ್ರೆಷರ್ ಸೆಂಡರ್ ಸೊನ್ನೆ ಒತ್ತಡದಲ್ಲಿ 240 ಓಮ್, ಪೂರ್ತಿ ಒತ್ತಡದಲ್ಲಿ 33. ಯುರೋಪಿನ ಮಾದರಿ ತದ್ವಿರುದ್ಧ: ಸೊನ್ನೆಗೆ 10, ಪೂರ್ತಿಗೆ 180. ಒಂದರ ಗೇಜಿಗೆ ಇನ್ನೊಂದರ ಸೆಂಡರ್ ಕಟ್ಟಿದರೆ ಆಯಿಲ್ ಒತ್ತಡ ಬಿದ್ದಾಗ ಮುಳ್ಳು ಮೇಲೇರುತ್ತದೆ. ಗೇಜ್, ಸೆಂಡರ್ ಎರಡನ್ನೂ ಜೋಡಿಯಾಗಿಯೇ ಕೊಳ್ಳಿ. ನೀರಿನ ಬಿಸಿಯ ಸೆಂಡರನ್ನು ಕಾರಿಗೆ ಹಾಕುವ ಮೊದಲು ಗೇಜಿಗೆ ಜೋಡಿಸಿ, ಅದರ ಲೋಹದ ಮೈಗೆ ಅರ್ತ್ ಕೊಟ್ಟು, ತುದಿಯನ್ನು ಕುದಿಯುವ ನೀರಿನಲ್ಲಿ ಅದ್ದಿ, ಪಕ್ಕದಲ್ಲೊಂದು ಥರ್ಮಾಮೀಟರ್ ಇಟ್ಟು ನೋಡಿ. ಎರಡೂ ಒಂದೇ ಅಂಕಿ ಹೇಳದಿದ್ದರೆ ಆ ಗೇಜನ್ನು ನಂಬಿ ಹೊರಡಬೇಡಿ. ರೇಡಿಯೇಟರ್ ಹೋಸ್ ಕತ್ತರಿಸಿ ಕೂರಿಸುವ ಅಲ್ಯೂಮಿನಿಯಂ ಅಡಾಪ್ಟರ್ ರಬ್ಬರಿನ ನಡುವೆ ಇರುವುದರಿಂದ ಅದಕ್ಕೆ ಅರ್ತ್ ಇಲ್ಲ. ಅದಕ್ಕೂ ಒಂದು ವೈರು ಬೇಕು. ತೆಳು ತಾಮ್ರದ ಕೊಳವೆಯ ಮೆಕ್ಯಾನಿಕಲ್ ಗೇಜ್ ಆದರೆ ಕೊಳವೆ ಉದ್ದವಾಯಿತೆಂದು ಕತ್ತರಿಸಬೇಡಿ. ಒಳಗಿನ ದ್ರವ ಹೋದರೆ ಗೇಜೂ ಹೋಯಿತು. ಮಿಕ್ಕಿದ್ದನ್ನು ಅಗಲವಾಗಿ ಸುತ್ತಿ ಕಟ್ಟಿ.

ವೈರಿಂಗ್ ಮುಟ್ಟುವ ಮುನ್ನ ನಿಮ್ಮ ಕಾರು ಪಾಸಿಟಿವ್ ಅರ್ತೋ ನೆಗೆಟಿವ್ ಅರ್ತೋ, ಅಂದರೆ ಬ್ಯಾಟರಿಯ ಯಾವ ತುದಿ ಕಾರಿನ ಲೋಹದ ಮೈಗೆ ಜೋಡಣೆಯಾಗಿದೆ, ನೋಡಿಕೊಳ್ಳಿ. 1960ರ ದಶಕದಲ್ಲೂ ಅನೇಕ ಬ್ರಿಟಿಷ್ ಕಾರುಗಳು ಪಾಸಿಟಿವ್ ಅರ್ತ್ ಆಗಿಯೇ ಬರುತ್ತಿದ್ದವು. ಈಗಿನ ಎಲೆಕ್ಟ್ರಾನಿಕ್ ಗೇಜುಗಳು ನೆಗೆಟಿವ್ ಅರ್ತಿಗೆ ಮಾಡಿದವು, ತಿರುಗಾಮುರುಗಾ ಕೊಟ್ಟರೆ ಕೆಟ್ಟುಹೋಗುತ್ತವೆ. ಮೂಲ ಗೇಜುಗಳಿಗೆ 10 ವೋಲ್ಟ್ ಕೊಡುವ ಸ್ಟೆಬಿಲೈಸರ್ ಇರುವ ಕಾರಾದರೆ ಹೊಸ ಗೇಜಿಗೆ ಅಲ್ಲಿಂದ ಕರೆಂಟು ತೆಗೆಯಬೇಡಿ, ಕಡಿಮೆ ತೋರಿಸುತ್ತದೆ. ವೈರಿನ ಮೇಲೆ ಒತ್ತಿ ಕೂರಿಸುವ ಟ್ಯಾಪ್ ಕನೆಕ್ಟರುಗಳು ಕಿಟ್ಟಿನಲ್ಲಿ ಬಂದಿದ್ದರೆ ಎಸೆಯಿರಿ. ಅವು ಹಳೆಯ ವೈರಿನ ಎಳೆಗಳನ್ನು ಕತ್ತರಿಸುತ್ತವೆ. ಫೈರ್‌ವಾಲಿನ ತೂತಿನ ಅಂಚಿಗೆ ರಬ್ಬರ್ ಬಳೆ (ಗ್ರೋಮೆಟ್) ಇಲ್ಲದೆ ಏನನ್ನೂ ತೂರಿಸಬೇಡಿ. ಮೂಲ ಡ್ಯಾಶ್‌ಬೋರ್ಡಿಗೆ 52 ಮಿ.ಮೀ. ತೂತು ಕೊರೆಯುವುದಂತೂ ಬೇಡವೇ ಬೇಡ, ಮತ್ತೆ ಮುಚ್ಚಲಾಗದು.

ಕೆಲಸ ಮುಗಿದ ಮೇಲೆ ಬ್ಯಾಟರಿಯನ್ನು ನೇರವಾಗಿ ಜೋಡಿಸಬೇಡಿ. ಎಲ್ಲ ಆಫ್ ಮಾಡಿ, ಬಾಗಿಲು ಮುಚ್ಚಿ, ಬ್ಯಾಟರಿಯ ಅರ್ತ್ ಟರ್ಮಿನಲ್ಲಿಗೂ ಅದರ ಕೇಬಲ್ಲಿಗೂ ನಡುವೆ 12 ವೋಲ್ಟ್ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಸೇರಿಸಿ. ಬಲ್ಬ್ ಜೋರಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ. ಆದರೆ ಹರಿಯುವುದು 2 ಆಂಪಿನಷ್ಟೇ, ಯಾವ ವೈರೂ ಸುಡುವುದಿಲ್ಲ, ಸಾವಧಾನವಾಗಿ ಹುಡುಕಬಹುದು. ಬಲ್ಬ್ ಉರಿಯದಿದ್ದರೆ ಕೇಬಲ್ ಜೋಡಿಸಿ. ಹಾಗೆಯೇ ಅರ್ತ್ ಕೇಬಲ್ಲಿಗೆ ಕೈಯಲ್ಲಿ ತಿರುಗಿಸುವ ಕಟ್-ಆಫ್ ಸ್ವಿಚ್ ಒಂದನ್ನು ಈಗಲೇ ಹಾಕಿಬಿಡಿ. ಆ ಸಲೂನ್ ಕಾರಿನಲ್ಲಿ ಸ್ಪ್ಯಾನರ್ ಹುಡುಕಲು ಹೋದ ಹೊತ್ತಿನಲ್ಲೇ ವೈರಿಂಗ್ ಪೂರ್ತಿ ಕರಗಿದ್ದು.