ದರೋಜಿ ಕರಡಿಧಾಮ: ಬೈನಾಕ್ಯುಲರ್ ತಗೊಂಡು ಹೋಗಿ, ಬಾಯಿ ಮನೇಲಿಟ್ಟು ಹೋಗಿ

ಹಂಪಿಗೆ ಬರೋರಲ್ಲಿ ಮುಕ್ಕಾಲು ಜನ ವಿರೂಪಾಕ್ಷ, ಕಲ್ಲಿನ ರಥ, ಹರಿಗೋಲು ಅಂತ ಮುಗಿಸಿ ಬಸ್ ಹತ್ತಿಬಿಡ್ತಾರೆ, ಕಮಲಾಪುರ ದಾಟಿ ಸ್ವಲ್ಪ ದೂರ ಹೋದ್ರೆ ಕರಡಿಧಾಮ ಇದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ. 1994ರಲ್ಲಿ ಬರೀ ಕರಡಿಗೋಸ್ಕರ ಅಂತಲೇ ಘೋಷಣೆ ಮಾಡಿದ್ದು, ಸುಮಾರು 82 ಚದರ ಕಿ.ಮೀ. ಇದೆ. ಬಂಡೀಪುರದ ಥರ ಹಸಿರು ಕಾಡು, ಜೀಪ್ ಸಫಾರಿ ಅಂದ್ಕೊಂಡು ಬಂದ್ರೆ ನಿರಾಸೆ ಆಗುತ್ತೆ, ಇಲ್ಲಿರೋದು ಬಂಡೆಗುಡ್ಡ, ಮುಳ್ಳುಪೊದೆ, ಬಿಸಿಲು.

ವ್ಯವಸ್ಥೆ ಸಿಂಪಲ್. ಮಧ್ಯಾಹ್ನ ಫಾರೆಸ್ಟ್‌ನವ್ರು ಬಂಡೆ ಮೇಲೆ ಬೆಲ್ಲದ ಪಾಕ ಬಳಿದು ಬರ್ತಾರೆ, ನಾವು ದೂರದ ವಾಚ್‌ಟವರ್‌ನಲ್ಲಿ ಕೂತು ಕಾಯ್ಬೇಕು ಅಷ್ಟೇ. ಹೀಗೆ ತಿನ್ನಿಸಿ ಅಭ್ಯಾಸ ಮಾಡ್ಸೋದು ಸರೀನಾ ಅಂತ ನಂಗೂ ಅನುಮಾನ ಇದೆ, ಆದ್ರೆ ಕಾಡು ಕರಡೀನ ಹಗಲು ಬೆಳಕಲ್ಲಿ ಇಷ್ಟು ನಿರಾಳವಾಗಿ ನೋಡೋಕೆ ಬೇರೆ ಕಡೆ ಸಿಗೋದು ಕಷ್ಟ. ಮೊದ್ಲು ನವಿಲು, ಮುಂಗುಸಿ, ಕಾಡುಹಂದಿ ಬಂದು ಪಾಲು ತಗೊಳ್ತವೆ. ಬಿಸಿಲು ಇಳಿಯೋ ಹೊತ್ತಿಗೆ ತಾಯಿ ಕರಡಿ ಇಳಿದು ಬಂತು, ಬೆನ್ನ ಮೇಲೆ ಎರಡು ಮರಿ, ಅಮ್ಮನ ಕೂದಲು ಗಟ್ಟಿಯಾಗಿ ಹಿಡ್ಕೊಂಡು! ಕರಡಿಗೆ ಮೇಲ್ಗಡೆ ಮುಂದಿನ ಎರಡು ಹಲ್ಲೇ ಇರಲ್ಲ, ಆ ಸಂದೀಲೇ ಅದು ಹುತ್ತದಿಂದ ಗೆದ್ದಲು ಹೀರೋದು. ಇಲ್ಲೂ ಬಂಡೆ ಬಿರುಕಿಗೆ ಮೂತಿ ತೂರಿಸಿ ನೆಕ್ತಾ ಇತ್ತು, ಬೈನಾಕ್ಯುಲರ್‌ನಲ್ಲಿ ತುಟಿ ಅಲ್ಲಾಡೋದು ಕೂಡ ಕಾಣ್ತು. ಮೊಬೈಲ್ ಕ್ಯಾಮೆರಾ ನಂಬ್ಕೊಂಡು ಹೋದ್ರೆ ಬರೀ ಕಪ್ಪು ಚುಕ್ಕೆ.

ಒಂದು ಸ್ಟಾರ್ ಕಡಿಮೆ ಕೊಡ್ತಿರೋದು ಜಾಗಕ್ಕಲ್ಲ, ಜೊತೆಗೆ ಬರೋ ಜನಕ್ಕೆ. ಒಬ್ಬ ಪುಣ್ಯಾತ್ಮ ವಿಡಿಯೋ ಕಾಲ್‌ನಲ್ಲಿ "ನೋಡೇ ನೋಡೇ, ಕರಡಿ ಕಣೇ" ಅಂತ ಕೂಗಿದ್ದಕ್ಕೆ ತಾಯಿ ತಲೆ ಎತ್ತಿದ್ದೇ ತಡ, ಮರಿ ಸಮೇತ ಪೊದೆ ಒಳಗೆ ಮಾಯ. ಮಕ್ಕಳು ಎಷ್ಟೋ ವಾಸಿ, ಪಿಸುಪಿಸು ಮಾತಾಡ್ತಿದ್ರು.

ಇನ್ನೊಂದು, ಬೇಲಿ ಒಳಗೆ ಕಾಪಾಡಿದ್ರೆ ಸಾಲಲ್ಲ ಕಣ್ರೀ, ಹೊರಗೆ ನಾವು ಏನು ಕೊಳ್ತೀವಿ ಅನ್ನೋದ್ರ ಮೇಲೂ ಇವುಗಳ ಹಣೆಬರಹ ನಿಂತಿದೆ. ನಮ್ಮೂರುಗಳಲ್ಲಿ ಮಕ್ಕಳು ಬೆಚ್ಚಿಬೀಳ್ತವೆ ಅಂತ ಕರಡಿ ಕೂದಲಿನ ತಾಯತ ಕಟ್ಟೋರು, ಕರಡಿ ಮೇಲೆ ಕೂರಿಸೋರು. ಆ ಕರಡಿ ಕುಣಿಸೋ ಕಾಲ ಮುಗೀತು, 2009ರಲ್ಲಿ ಕೊನೇ ಕುಣಿಯೋ ಕರಡೀನ ಬನ್ನೇರುಘಟ್ಟದ ರಕ್ಷಣಾ ಕೇಂದ್ರಕ್ಕೆ ತಂದ್ರು. ಈಗ್ಲೂ ಯಾರಾದ್ರೂ ಕರಡಿ ತುಪ್ಪ ಹಚ್ಚಿದ್ರೆ ಕೂದಲು ಬರುತ್ತೆ, ಉಗುರು ಕಟ್ಟಿದ್ರೆ ದೃಷ್ಟಿ ತಾಗಲ್ಲ ಅಂತ ಮಾರೋಕೆ ಬಂದ್ರೆ ದಯವಿಟ್ಟು ತಗೋಬೇಡಿ, ಅಸಲಿ ಆಗಿದ್ರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ನಕಲಿ ಆಗಿದ್ರೆ ದುಡ್ಡು ದಂಡ. ಗುಡ್ಡದ ಸೀತಾಫಲಾನೂ ಅಷ್ಟೇ, ಅದು ಕರಡಿಗೂ ಊಟ, ಅಲ್ಲಿಂದ ಒಂದೂ ಬಿಡದೆ ಕಿತ್ಕೊಂಡು ಬಂದ್ರೆ ಕರಡಿ ಹೊಲಕ್ಕೇ ನುಗ್ಗೋದು, ಆಮೇಲೆ ಜನಕ್ಕೂ ಗಾಯ ಕರಡಿಗೂ ಏಟು. ತೋಟದ ಹಣ್ಣು ಸಿಕ್ರೆ ಅದನ್ನೇ ತಗೊಳ್ಳಿ. ಗ್ರಾನೈಟ್ ಬಗ್ಗೆ ಅಂತೂ ಯಾರೂ ಮಾತೇ ಆಡಲ್ಲ, ಕರಡಿ ಮರಿ ಹಾಕೋದೇ ಬಂಡೆ ಗವಿಗಳಲ್ಲಿ, ಕ್ವಾರಿ ಬಂದ್ರೆ ಗವೀನೂ ಹೋಯ್ತು. ಅಡುಗೆಮನೆ ರಿನೋವೇಷನ್ ಮಾಡ್ಸುವಾಗ ಹಳೇ ಕಟ್ಟೆ ಕಲ್ಲು ಚೆನ್ನಾಗಿದ್ರೆ ಪಾಲಿಶ್ ಮಾಡಿಸಿ ಅದನ್ನೇ ಹಾಕ್ಸಿ, ದುಡ್ಡೂ ಉಳಿಯುತ್ತೆ.

ವಾಪಸ್ ಬರುವಾಗ ಕತ್ತಲಾಗಿರುತ್ತೆ, ಗುಡ್ಡದ ಪಕ್ಕದ ರಸ್ತೇಲಿ ಗಾಡಿ ಸ್ಲೋ ಇರ್ಲಿ, ಕರಡಿಗಳು ರಸ್ತೆ ದಾಟೋದು ಆ ಹೊತ್ತಲ್ಲೇ. ಟೀ, ಬಜ್ಜಿ ಎಲ್ಲ ಕಮಲಾಪುರದಲ್ಲೇ ಮುಗಿಸ್ಕೊಂಡು ಹೋಗಿ, ಕುರ್ಕುರೆ ಪ್ಯಾಕೆಟ್ ಟವರ್ ಹತ್ರ ತರಬೇಡಿ. ಬೇಸಿಗೆ ಬಿಟ್ಟು ಚಳಿಗಾಲದಲ್ಲಿ ಹೋದ್ರೆ ಒಳ್ಳೇದು. 5ಕ್ಕೆ 4.