ಸೆಕೆಂಡ್ ಲೈಫ್‌ನಲ್ಲಿ ‘ಶಾಂತ ವಸತಿ ಪ್ರದೇಶ’ ಅಂತ ಹೇಳಿ ದುಡ್ಡು ಕಟ್ಟಿಸಿಕೊಳ್ಳುವವರಿದ್ದಾರೆ, ಹುಷಾರು

ಸೆಕೆಂಡ್ ಲೈಫ್‌ನಲ್ಲಿ, ಅಂದರೆ ಅವತಾರ್ ಮಾಡಿಕೊಂಡು ಓಡಾಡುವ ಆ ಆನ್‌ಲೈನ್ ಲೋಕದಲ್ಲಿ, ಮನೆ ಮಾಡೋಕೆ ಜಾಗ ಹುಡುಕುತ್ತಿದ್ದೀರಾ? ಖಾಸಗಿ ಎಸ್ಟೇಟ್‌ನವರು (ಅಲ್ಲಿ ಜಾಗ ಇಟ್ಟುಕೊಂಡು ಬಾಡಿಗೆಗೆ ಕೊಡುವವರು) ಯಾರಾದರೂ "ಇಲ್ಲಿ ಬರೀ ಮನೆಗಳು, ಕ್ಲಬ್ ಇಲ್ಲ, ಅಂಗಡಿ ಇಲ್ಲ, ತುಂಬಾ ಶಾಂತ" ಅಂದರೆ ಕೂಡಲೇ ದುಡ್ಡು ಕಟ್ಟಬೇಡಿ. ನನಗೆ ಮೋಸ ಆಗಿದೆ. ಮೂರು ತಿಂಗಳ ಬಾಡಿಗೆ ಹೋಯಿತು, ಗೆಳೆಯರ ಮುಂದೆ ಮರ್ಯಾದೆಯೂ ಹೋಯಿತು. ಅಲ್ಲಿ ನಡೆಯುವ ಲಿಂಡೆನ್ ಡಾಲರ್ ಅಂದರೆ ಆಟದ ಕಾಸು ಅಂದುಕೊಳ್ಳಬೇಡಿ. ಅದನ್ನು ನಾನು ಕಾರ್ಡ್‌ನಲ್ಲಿ ನಿಜವಾದ ದುಡ್ಡು ಕೊಟ್ಟು ಕೊಂಡಿದ್ದೆ.

ಜಾಗ ಚೆನ್ನಾಗಿತ್ತು, ಅದನ್ನು ಇಲ್ಲ ಅನ್ನಲ್ಲ. ಹೋಮ್‌ಸ್ಟೆಡ್ ರೀಜನ್, ಅಂದರೆ ಕಡಿಮೆ ಜನ, ಕಡಿಮೆ ವಸ್ತು ಹಿಡಿಯುವ ಭೂಭಾಗ. ಅದರಲ್ಲಿ ನನ್ನ ಪಾಲು 4,096 ಚದರ ಮೀಟರ್, 312 ಪ್ರಿಮ್ (ಎಷ್ಟು ವಸ್ತು ಇಡಬಹುದು ಅನ್ನೋ ಲೆಕ್ಕ). ಎರಡು ಕಡೆ ನೀರು. ಪಕ್ಕದ ಜಾಗದಲ್ಲಿ ಬಾಗಿಲು ಮುಚ್ಚಿದ ಒಂದು ದೊಡ್ಡ ಕೊಟ್ಟಿಗೆ ಇತ್ತು. ಅದೇನು ಅಂತ ಕೇಳಿದೆ. "ಹಳೇ ಬಾಡಿಗೆದಾರರದ್ದು ಡಿಯರ್, ಅವರು ಬರೋದೇ ಅಪರೂಪ" ಅಂದರು. ನಾನು ಇನ್ನೊಂದು ಮಾತೂ ಬಿಡಿಸಿ ಹೇಳಿದ್ದೆ. ನನ್ನ ಗೆಳೆಯರಲ್ಲಿ ಅರ್ಧ ಜನ ಅಮೆರಿಕದಲ್ಲಿದ್ದಾರೆ, ನಾವು ಸೇರೋದು ನಮ್ಮ ಶನಿವಾರ ಬೆಳಗ್ಗೆ, ಅಂದರೆ ಅಲ್ಲಿ ಶುಕ್ರವಾರ ಸಂಜೆ, ಆ ಹೊತ್ತಲ್ಲಿ ಗಲಾಟೆ ಇರಬಾರದು ಅಂತ. "ಯಾವ ಹೊತ್ತಲ್ಲಿ ಬಂದರೂ ಹಕ್ಕಿ ಕೂಗೋದು ಬಿಟ್ಟರೆ ಏನೂ ಕೇಳಿಸಲ್ಲ" ಅಂದರು. ಈ ಮಾತು ನನ್ನ ಚಾಟ್ ಲಾಗ್‌ನಲ್ಲಿ ಇವತ್ತಿಗೂ ಇದೆ. ಜಾಗ ತೋರಿಸಿದ್ದು ಮಾತ್ರ ನಮ್ಮ ರಾತ್ರಿ ಒಂಬತ್ತಕ್ಕೆ. ಕ್ಯಾಲಿಫೋರ್ನಿಯಾದಲ್ಲಿ ಅದು ಬೆಳಗಿನ ಹೊತ್ತು. ಬೆಳಗಿನ ಹೊತ್ತಲ್ಲಿ ಅಲ್ಲಿ ಯಾವ ಕ್ಲಬ್ ನಡೆಯುತ್ತೆ ಹೇಳಿ? ಅವರಿಗೆ ಎಲ್ಲಾ ಗೊತ್ತಿತ್ತು.

ಮೂರು ತಿಂಗಳದ್ದು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅಂದರು. ಜಾಗದಲ್ಲಿ ಅವರು ಇಟ್ಟಿದ್ದ ಬಾಡಿಗೆ ಪೆಟ್ಟಿಗೆಗೆ ಕಟ್ಟಿದೆ. ಮನೆ ಇಟ್ಟೆ, ತೋಟ ಮಾಡಿದೆ, ಅಂಗಳಕ್ಕೆ ರಂಗೋಲಿ ಹಾಕಿದೆ, ಗೃಹಪ್ರವೇಶ ಅಂತ ಎಲ್ಲರನ್ನೂ ಕರೆದೆ.

ಆ ಶನಿವಾರ ಬೆಳಗ್ಗೆ ಲಾಗಿನ್ ಆದೆ. ಮನೆಗೆ ಹೋಗೋಕೆ ಆಗಲಿಲ್ಲ. ರೀಜನ್ ತುಂಬಿದೆ ಅಂತ ಬಂತು. ಮತ್ತೆ ಒತ್ತಿದೆ, ಅದೇ. ಹೋಮ್‌ಸ್ಟೆಡ್‌ನಲ್ಲಿ ಒಂದು ಸಲಕ್ಕೆ ಹಿಡಿಯೋದು 20 ಜನ, ಅಷ್ಟೇ. ಪೂರ್ತಿ ರೀಜನ್ ಆದರೆ 100 ಜನರವರೆಗೆ ಹಿಡಿಸುತ್ತೆ. ಹೊರಗಿನಿಂದ ಮ್ಯಾಪ್ ತೆಗೆದು ನೋಡಿದರೆ ಜನರನ್ನು ತೋರಿಸುವ ಹಸಿರು ಚುಕ್ಕೆಗಳೆಲ್ಲಾ ಆ ಕೊಟ್ಟಿಗೆ ಮೇಲೆ ಗುಂಪುಗೂಡಿವೆ. ನಾನು ಬಾಡಿಗೆ ಕಟ್ಟಿದ ಮನೆಗೆ ಹೋಗೋಕೆ ನನಗೇ ಜಾಗ ಇಲ್ಲ. ಗೆಳೆಯರು ಒಬ್ಬೊಬ್ಬರೇ "ಬರೋಕೆ ಆಗ್ತಿಲ್ಲ, ಯಾಕೆ?" ಅಂತ ಕೇಳ್ತಿದ್ದಾರೆ. ನ್ಯೂಜೆರ್ಸಿಯ ಗೆಳತಿ ಮಗುವನ್ನು ಮಲಗಿಸಿ ಅದಕ್ಕಂತಲೇ ಕೂತಿದ್ದಳು. ಏನು ಹೇಳಲಿ ಅವಳಿಗೆ? ನಾಚಿಕೆ ಆಯಿತು, ನಿಜವಾಗಲೂ ನಾಚಿಕೆ ಆಯಿತು.

ಯಾರೋ ಒಬ್ಬರು ಹೊರಗೆ ಹೋದಾಗ ನನಗೆ ಒಳಗೆ ಜಾಗ ಸಿಕ್ಕಿತು. ಕೊಟ್ಟಿಗೆ ಬಾಗಿಲು ತೆರೆದಿತ್ತು. ಒಳಗೆ ಸ್ಟೇಜ್, ಒತ್ತಿದರೆ ಕುಣಿಸುವ ಡ್ಯಾನ್ಸ್ ಬಾಲ್, ಬಣ್ಣದ ಲೈಟ್, ಡಿಜೆ ಮುಂದೆ ಟಿಪ್ ಜಾರ್. ಲ್ಯಾಗ್ ಎಷ್ಟು ಅಂದರೆ ಒಂದು ಹೆಜ್ಜೆ ಇಟ್ಟರೆ ಸ್ವಲ್ಪ ಹೊತ್ತು ಬಿಟ್ಟು ಕಾಲು ಮುಂದೆ ಹೋಗುತ್ತಿತ್ತು. ಹಳೇ ಬಾಡಿಗೆದಾರರು ಯಾರಪ್ಪಾ ನೋಡೋಣ ಅಂತ ಸ್ಟೇಜ್ ಮೇಲೆ ರೈಟ್ ಕ್ಲಿಕ್ ಮಾಡಿ ಎಡಿಟ್ ಒತ್ತಿದೆ. ಓನರ್ ಅಂತ ಇರುವ ಕಡೆ ಇದ್ದಿದ್ದು ನನ್ನ ಬಾಡಿಗೆ ಪೆಟ್ಟಿಗೆ ಮೇಲಿರುವ ಅದೇ ಹೆಸರು. ಟಿಪ್ ಜಾರ್ ನೋಡಿದೆ, ಅದೇ ಹೆಸರು. ಕೊಟ್ಟಿಗೆಯ ಗೋಡೆ ನೋಡಿದೆ, ಅದೂ ಅದೇ. ಹಳೇ ಬಾಡಿಗೆದಾರರೂ ಇಲ್ಲ, ಏನೂ ಇಲ್ಲ. ಕ್ಲಬ್ ಅವರದ್ದೇ. ಸುತ್ತಲಿನ ನಾವೆಲ್ಲಾ ಬಾಡಿಗೆ ಕಟ್ಟಿ ಆ ಕ್ಲಬ್ಬಿನ ರೀಜನ್ ಖರ್ಚು ನೋಡಿಕೊಳ್ತಿದ್ದೀವಿ. ಅದು ಗೊತ್ತಾದಾಗ ಮೈಯೆಲ್ಲಾ ಉರಿದುಹೋಯಿತು.

ಮೆಸೇಜ್ ಮಾಡಿದೆ. ಮೊದಲ ಉತ್ತರ: "ಅದು ಕ್ಲಬ್ ಅಲ್ಲ ಡಿಯರ್, ಸ್ನೇಹಿತರು ಸೇರ್ತಾರೆ ಅಷ್ಟೇ." ಸ್ನೇಹಿತರು ಸೇರೋಕೆ ಡಿಜೆ ಪಾಳಿಯ ಬೋರ್ಡ್ ಯಾಕೆ ಅಂತ ಕೇಳಿದೆ. ಅದಕ್ಕೆ ಉತ್ತರ ಇಲ್ಲ. ಆಮೇಲೆ: "ಹಾಡು ನಿಮ್ಮ ಪಾರ್ಸೆಲ್‌ಗೆ ಬರಲ್ವಲ್ಲ, ಗಲಾಟೆ ಎಲ್ಲಿ?" ಹೌದು, ಹಾಡಿನ ಸ್ಟ್ರೀಮ್ ಪಾರ್ಸೆಲ್‌ನ, ಅಂದರೆ ಒಬ್ಬೊಬ್ಬರ ಜಾಗದ, ಗಡಿ ದಾಟಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಚಾಟ್‌ನಲ್ಲಿ ಶೌಟ್ ಮಾಡಿದ್ದು 100 ಮೀಟರ್ ಬರುತ್ತೆ. ಲ್ಯಾಗ್ ಇಡೀ ರೀಜನ್‌ಗೆ ಬರುತ್ತೆ. ನನ್ನ ಮನೆಗೆ ನಾನು ಹೋಗೋಕೆ ಆಗಲ್ಲ ಅನ್ನೋದು ಗಲಾಟೆಗಿಂತ ಕಡಿಮೆಯಾ?

ಕವನೆಂಟ್‌ನಲ್ಲಿ (ಎಸ್ಟೇಟ್‌ನ ನಿಯಮಗಳ ಪಟ್ಟಿ) ಕ್ಲಬ್ ಇಲ್ಲ ಅಂತ ಬರೆದಿದ್ದೀರಲ್ಲ ಅಂದೆ. "ಮತ್ತೊಮ್ಮೆ ಓದಿ" ಅಂದರು. ತೆಗೆದು ನೋಡಿದರೆ ಆ ಸಾಲೇ ಇಲ್ಲ! ಜಾಗದ ವಿವರ ತೋರಿಸುವ ಅಬೌಟ್ ಲ್ಯಾಂಡ್‌ನ ಕವನೆಂಟ್ ಟ್ಯಾಬ್‌ನಲ್ಲಿ ಕೊನೆಗೆ ಬದಲಾಯಿಸಿದ ದಿನ ಇರುತ್ತೆ, ನಾನು ದುಡ್ಡು ಕಟ್ಟಿದ ಮೇಲಿನ ದಿನ ಅದು. ಹಳೇದರ ಸ್ಕ್ರೀನ್‌ಶಾಟ್ ಇದೆ ಅಂತ ಕಳಿಸಿದೆ. ಅದಕ್ಕೆ ಬಂದಿದ್ದು ಇಷ್ಟು: "ನೋ ರೀಫಂಡ್. ಇಷ್ಟ ಇಲ್ಲ ಅಂದ್ರೆ ಹೋಗಿ." ಈ ಸಲ ಡಿಯರ್ ಇರಲಿಲ್ಲ.

ಮಾರನೇ ದಿನ ನನ್ನನ್ನು ಬ್ಯಾನ್ ಮಾಡಿದ್ದರು. ಮನೆ, ತೋಟ, ರಂಗೋಲಿ ಎಲ್ಲಾ ಒಂದೇ ಗಂಟಾಗಿ ನನ್ನ ಸಾಮಾನುಗಳ ಲಾಸ್ಟ್ ಅಂಡ್ ಫೌಂಡ್ ಫೋಲ್ಡರ್‌ಗೆ ಬಂದು ಬಿದ್ದಿತ್ತು. ಕಟ್ಟಿದ ದುಡ್ಡು ಅವರ ಹತ್ತಿರವೇ ಇದೆ. ಖಾಸಗಿ ಎಸ್ಟೇಟ್‌ನಲ್ಲಿ ಜಾಗದ ಮೇಲೆ ಕೊನೇ ಮಾತು ಎಸ್ಟೇಟ್ ಮಾಲೀಕರದ್ದು. ಬಾಡಿಗೆದಾರರ, ಮಾಲೀಕರ ನಡುವಿನ ಜಗಳಕ್ಕೆ ಸೆಕೆಂಡ್ ಲೈಫ್ ನಡೆಸುವ ಲಿಂಡೆನ್ ಲ್ಯಾಬ್ ಕೈ ಹಾಕಲ್ಲ ಅಂತ ನಿಯಮವೇ ಇದೆ. ಈ ಮಾಲೀಕರಿಗೆ ಅದು ಚೆನ್ನಾಗಿ ಗೊತ್ತು. ಅದಕ್ಕೇ ಇಷ್ಟು ಧೈರ್ಯ.

ದಯವಿಟ್ಟು ಕೇಳಿ. ವಾರದ ಲೆಕ್ಕದಲ್ಲಿ ಮಾತ್ರ ಕಟ್ಟಿ, ರಿಯಾಯಿತಿ ಅಂದರೆ ಕಿವಿ ಕೊಡಬೇಡಿ. ಅಮೆರಿಕದ ಶುಕ್ರವಾರ, ಶನಿವಾರದ ಸಂಜೆ ಮ್ಯಾಪ್‌ನಲ್ಲಿ ಚುಕ್ಕೆ ಎಲ್ಲಿ ಸೇರುತ್ತೆ ನೋಡಿ. ಅಕ್ಕಪಕ್ಕದ ಪ್ರತಿ ಕಟ್ಟಡದ ಓನರ್ ಹೆಸರು ನೋಡಿ, ಬಾಗಿಲು ಮುಚ್ಚಿದ್ದನ್ನಂತೂ ಬಿಡಬೇಡಿ. ಹೋಮ್‌ಸ್ಟೆಡ್ ಅಂದರೆ 20 ಜನ ಅನ್ನೋದು ನೆನಪಿರಲಿ. ಕವನೆಂಟ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನನಗೆ ಅದರಿಂದ ದುಡ್ಡು ವಾಪಸ್ ಬರಲಿಲ್ಲ, ಆದರೆ ಅವರು ಸುಳ್ಳು ಹೇಳಿದ್ದು ಅದರಿಂದಲೇ ತೋರಿಸೋಕೆ ಆಗ್ತಿದೆ. ಪ್ರೀಮಿಯಂ (ದುಡ್ಡು ಕಟ್ಟಿ ಪಡೆಯುವ ಸದಸ್ಯತ್ವ) ಇರುವವರು 2019ರಲ್ಲಿ ಶುರುವಾದ, ಲಿಂಡೆನ್ ಲ್ಯಾಬ್‌ನದೇ ವಸತಿ ಪ್ರದೇಶವಾದ ಬೆಲಿಸೇರಿಯಾದಲ್ಲಿ ಮನೆ ತಗೊಳ್ಳಿ. ಜಾಗ ಚಿಕ್ಕದು, 1,024 ಚದರ ಮೀಟರ್, ಆದರೆ ಅಲ್ಲಿ ವ್ಯಾಪಾರ ನಡೆಸುವ ಹಾಗಿಲ್ಲ, ನಿಯಮ ಬದಲಾಯಿಸೋಕೆ ಪಕ್ಕದ ಮನೆಯವರ ಕೈಯಲ್ಲಿ ಆಗಲ್ಲ.

ಆ ಜಾಗ ಮತ್ತೆ ಬಾಡಿಗೆಗೆ ಇದೆ. ಜಾಹೀರಾತಿನ ಫೋಟೋದಲ್ಲಿ ಇರೋದು ನಾನು ನೆಟ್ಟ ತೆಂಗಿನ ಮರಗಳು. ಇಲ್ಲಿ ಹೆಸರು ಹಾಕಲ್ಲ. ಹೋಮ್‌ಸ್ಟೆಡ್‌ನಲ್ಲಿ ನೀರಿನ ಪಕ್ಕ, ಕೊಟ್ಟಿಗೆ ಪಕ್ಕ ಜಾಗ ಇದೆ ಅಂತ ನಿಮಗೆ ಯಾರಾದರೂ ತೋರಿಸಿದರೆ, ದುಡ್ಡು ಕಟ್ಟುವ ಮೊದಲು ನನಗೊಂದು ಮೆಸೇಜ್ ಮಾಡಿ. ಚಾಟ್ ಲಾಗ್ ಪೂರ್ತಿ ಕಳಿಸ್ತೀನಿ.